ಲೀವೈ ಆರಿಸಿದ್ದು ಅರ್ಮಿನ್‌ನನ್ನಲ್ಲ

ಮನುಷ್ಯರನ್ನು ತಿನ್ನುವ ದೈತ್ಯ ಟೈಟನ್‌ಗಳಿಗೆ ಹೆದರಿ ಗೋಡೆಗಳೊಳಗೆ ಬದುಕುವ ಜನರ ಕಥೆಯಾದ ಜಪಾನಿ ಅನಿಮೆ ‘ಅಟ್ಯಾಕ್ ಆನ್ ಟೈಟನ್’ ಸರಣಿಯನ್ನು ಕೊನೆಯವರೆಗೆ ನೋಡಿದವರ ನಡುವೆ ಮಾತು ಎಲ್ಲಿಂದ ಶುರುವಾದರೂ, ಕಥಾನಾಯಕ ಎರೆನ್ ಯೇಗರ್ ಜಗತ್ತನ್ನೇ ತುಳಿದು ಹಾಕಲು ಹೊರಟದ್ದು ಸರಿಯೇ ತಪ್ಪೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಚರ್ಚೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಎರೆನ್ ಮುಂದಾಗುವುದನ್ನು ಮೊದಲೇ ಕಂಡವನು, ಕಂಡದ್ದರ ಬಲದಿಂದ ಹಿಂದಾದದ್ದರಲ್ಲೂ ಕೈಯಾಡಿಸಿದವನು. ಅಂಥವನ ವಿಷಯದಲ್ಲಿ ಇಚ್ಛೆ ಎಲ್ಲಿಗೆ ಮುಗಿಯಿತು, ವಿಧಿ ಎಲ್ಲಿಂದ ಮೊದಲಾಯಿತು ಎಂದು ಗೆರೆ ಎಳೆಯಲು ಹೋದರೆ ಮಾತು ಬೇಗನೆ ತತ್ತ್ವಶಾಸ್ತ್ರದ ಗೊಂದಲಕ್ಕೆ ಬೀಳುತ್ತದೆ. ನನ್ನನ್ನು ಕಾಡುವುದು ಮೂರನೆಯ ಸೀಸನ್ನಿನ ಉತ್ತರಾರ್ಧದಲ್ಲಿ, ಶಿಗಾನ್ಶಿನಾ ಪಟ್ಟಣದ ಒಂದು ಮನೆಯ ಚಾವಣಿಯ ಮೇಲೆ ಕ್ಯಾಪ್ಟನ್ ಲೀವೈ ತೆಗೆದುಕೊಂಡ ನಿರ್ಧಾರ. ಅಲ್ಲಿ ಯಾರಿಗೂ ಭವಿಷ್ಯ ಗೊತ್ತಿಲ್ಲ. ಇರುವುದು ಒಂದೇ ಸಿರಿಂಜು, ಸಾಯುತ್ತಿರುವವರು ಇಬ್ಬರು, ಕೈಯಲ್ಲಿರುವ ಸಮಯ ಕೆಲವೇ ನಿಮಿಷ. (ಕಥೆಯ ಕೊನೆಯವರೆಗಿನ ಸಂಗತಿಗಳು ಈ ಬರಹದಲ್ಲಿ ಬರುತ್ತವೆ, ಇನ್ನೂ ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.)

ಹಜಿಮೆ ಇಸಯಾಮ ಅವರ ಮೂಲ ಮಾಂಗಾದಲ್ಲಿ (ಜಪಾನಿ ಚಿತ್ರಕಥೆ) ಇದು 84ನೆಯ ಅಧ್ಯಾಯ. ಅನಿಮೆಯಲ್ಲಿ ಇದು 2019ರಲ್ಲಿ ಪ್ರಸಾರವಾಯಿತು. ಸನ್ನಿವೇಶ ಇಷ್ಟು. ಶಿಗಾನ್ಶಿನಾವನ್ನು ಮರಳಿ ಪಡೆಯುವ ಯುದ್ಧ ಮುಗಿದಿದೆ, ಗೋಡೆಯಾಚೆ ಹೋಗಿ ಟೈಟನ್‌ಗಳೊಂದಿಗೆ ಹೋರಾಡುವ ಸೇನಾದಳ ಸರ್ವೇ ಕಾರ್ಪ್ಸ್ ಬಹುತೇಕ ನಾಶವಾಗಿದೆ. ಕೊಲಾಸಲ್ ಟೈಟನ್ನಿನ ಉರಿಬಿಸಿಗೆ ತನ್ನನ್ನೇ ಆಹುತಿಯಾಗಿ ಒಡ್ಡಿ, ಆ ಟೈಟನ್ ಆಗಿ ಮಾರ್ಪಟ್ಟಿದ್ದ ಶತ್ರು ಬರ್ಟೋಲ್ಟ್‌ನನ್ನು ಎರೆನ್ ಹಿಡಿಯುವಂತೆ ಮಾಡಿದ ಅವನ ಗೆಳೆಯ ಅರ್ಮಿನ್ ಗುರುತು ಸಿಗದಷ್ಟು ಸುಟ್ಟುಹೋಗಿದ್ದಾನೆ, ಆದರೂ ಉಸಿರಾಡುತ್ತಿದ್ದಾನೆ. ಬೀಸ್ಟ್ ಟೈಟನ್ ಎಸೆಯುತ್ತಿದ್ದ ಕಲ್ಲುಗಳ ಮಳೆಗೆ ಎದುರಾಗಿ ಹೊಸ ಸೈನಿಕರನ್ನು ಮುನ್ನಡೆಸಿದ ಕಮಾಂಡರ್ ಎರ್ವಿನ್ ಸ್ಮಿತ್‌ನ ಹೊಟ್ಟೆ ಸೀಳಿಹೋಗಿದೆ, ಅವನೂ ಉಸಿರಾಡುತ್ತಿದ್ದಾನೆ. ಬೆನ್ನುಹುರಿಯ ದ್ರವ ತುಂಬಿದ ಆ ಸಿರಿಂಜನ್ನು ಯಾರಿಗೆ ಚುಚ್ಚಿದರೆ ಅವರು ಟೈಟನ್ ಆಗಿ, ಬರ್ಟೋಲ್ಟ್‌ನನ್ನು ತಿಂದು, ಅವನ ಶಕ್ತಿಯನ್ನೂ ತಮ್ಮ ಜೀವವನ್ನೂ ಪಡೆಯುತ್ತಾರೆ. ಸಿರಿಂಜು ಇರುವುದು ಲೀವೈನ ಬಳಿ.

ಈ ನಿರ್ಧಾರದ ಬಗ್ಗೆ ನಡೆಯುವ ವಾದಗಳೆಲ್ಲ ಹೆಚ್ಚುಕಡಿಮೆ ಒಂದೇ ತಕ್ಕಡಿಯನ್ನು ಹಿಡಿದಿರುತ್ತವೆ: ಒಂದು ತಟ್ಟೆಯಲ್ಲಿ ಎರ್ವಿನ್‌ನ ಅನುಭವ, ನಾಯಕತ್ವ, ಲೆಕ್ಕಾಚಾರ, ಇನ್ನೊಂದರಲ್ಲಿ ಅರ್ಮಿನ್‌ನ ಬುದ್ಧಿ, ಕನಸು, ವಯಸ್ಸು. ಯಾರ ತೂಕ ಹೆಚ್ಚು ಎಂಬುದಷ್ಟೇ ಪ್ರಶ್ನೆ. ನನ್ನ ಮಟ್ಟಿಗೆ ಆ ತಕ್ಕಡಿಯೇ ತಪ್ಪು. ಇಬ್ಬರಲ್ಲಿ ಯಾರು ಮನುಕುಲಕ್ಕೆ ಹೆಚ್ಚು ಉಪಯೋಗಿ ಎಂದು ಲೀವೈ ಕೊನೆಯ ಕ್ಷಣದಲ್ಲಿ ತೂಗಲೇ ಇಲ್ಲ. ಅವನು ನಿರ್ಧರಿಸಿದ್ದು ಎರ್ವಿನ್‌ನ ಬಗ್ಗೆ ಮಾತ್ರ. ಅರ್ಮಿನ್ ಬದುಕಿದ್ದು ಆ ನಿರ್ಧಾರದ ಫಲವೇ ಹೊರತು ಕಾರಣವಲ್ಲ.

ಇದನ್ನು ಒಪ್ಪಬೇಕಾದರೆ ಚಾವಣಿಯಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು. ಲೀವೈನನ್ನು ಬೆಳೆಸಿದ ಕೆನ್ನಿ ಸಾಯುವ ಮುನ್ನ ಕೊಟ್ಟ ಸಿರಿಂಜನ್ನು ಎರ್ವಿನ್ ಲೀವೈನ ಬಳಿಯೇ ಇರಗೊಡುತ್ತಾನೆ. ಯುದ್ಧದಲ್ಲಿ ಬದುಕಿ ಉಳಿಯುವ ಸಾಧ್ಯತೆ ಹೆಚ್ಚಿರುವವನು ನೀನೇ, ಯಾರಿಗೆ ಬಳಸಬೇಕೆಂಬ ತೀರ್ಮಾನವೂ ನಿನ್ನದೇ ಎಂಬುದು ಅವನ ವಾದ. ಲೀವೈ ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ನಿನ್ನ ಕನಸು ನೆರವೇರಿದ ಮೇಲೆ ಏನು ಮಾಡುತ್ತೀಯೆ ಎಂದು ಕೇಳುತ್ತಾನೆ. ನೆರವೇರುವವರೆಗೆ ಹೇಳಲಾರೆ ಎಂಬುದು ಎರ್ವಿನ್‌ನ ಉತ್ತರ. ಅದನ್ನು ಕೇಳಿಸಿಕೊಂಡ ಮೇಲೆಯೇ ಲೀವೈ ಆ ಹೊಣೆಯನ್ನು ಹೊರುತ್ತಾನೆ. ಮೊದಲ ಸಲ ನೋಡುವಾಗ ಕಥೆಯನ್ನು ಮುಂದಕ್ಕೆ ತಳ್ಳುವ ಸಂಭಾಷಣೆಯಂತೆ ಕಾಣುವ ಈ ಭಾಗ, ಎರಡನೆಯ ಸಲ ನೋಡುವಾಗ ಬೇರೆಯೇ ಆಗಿ ಕೇಳಿಸುತ್ತದೆ. ಯಾರನ್ನು ಬದುಕಿಸಬೇಕೆಂಬ ಹೊಣೆ ಹೊರುವವನು, ಆ ಹೊಣೆ ಕೊಡುತ್ತಿರುವವನಿಗೇ ಬದುಕುವುದಕ್ಕೆ ಏನು ಕಾರಣ ಉಳಿದೀತು ಎಂದು ಅಲ್ಲಿ ವಿಚಾರಿಸುತ್ತಿದ್ದಾನೆ.

ಯುದ್ಧಕ್ಕೆ ಹೊರಡುವ ಮುನ್ನ ಇನ್ನೊಂದು ಮಾತುಕತೆ ನಡೆಯುತ್ತದೆ. ಬಲಗೈ ಕಳೆದುಕೊಂಡಿರುವ ನೀನು ಬರಬೇಡ, ಬಂದರೆ ಎರಡೂ ಕಾಲು ಮುರಿದು ಇಲ್ಲೇ ಮಲಗಿಸುತ್ತೇನೆ ಎಂದು ಲೀವೈ ತನ್ನ ಎಂದಿನ ಒರಟುತನದಲ್ಲಿ ಬೆದರಿಸುತ್ತಾನೆ. ನೀನು ಸತ್ತರೆ ಮನುಕುಲಕ್ಕೆ ಗತಿಯಿಲ್ಲ ಎಂಬ ಅವನ ಮಾತಿಗೆ ಎರ್ವಿನ್ ಮೊದಲು ಸೇನಾ ಕಾರಣಗಳನ್ನೇ ಮುಂದಿಟ್ಟು, ಕೊನೆಗೆ ನಿಜ ಹೇಳುತ್ತಾನೆ: ಜಗತ್ತಿನ ಸತ್ಯ ಹೊರಬೀಳುವ ಗಳಿಗೆಯಲ್ಲಿ ತಾನು ಅಲ್ಲಿರಲೇಬೇಕು. ಅದು ಮನುಕುಲದ ಗೆಲುವಿಗಿಂತಲೂ ಮುಖ್ಯವೇ ಎಂದು ಲೀವೈ ಕೇಳಿದಾಗ ಹೌದೆನ್ನುತ್ತಾನೆ. ಅಷ್ಟರಲ್ಲಿ ಲೀವೈ ಸೋತು, ನಿನ್ನ ತೀರ್ಮಾನವನ್ನು ನಂಬುತ್ತೇನೆ ಎಂದು ಎದ್ದು ಹೋಗುತ್ತಾನೆ. ಹಾಗಾಗಿ ಚಾವಣಿಯ ಮೇಲೆ ‘ಮನುಕುಲಕ್ಕಾಗಿ ಎರ್ವಿನ್ ಬೇಕು’ ಎಂದು ಇತರರು ಕೂಗುವಾಗ, ಮನುಕುಲ ತನ್ನ ಮೊದಲ ಆದ್ಯತೆಯಲ್ಲ ಎಂದು ಎರ್ವಿನ್ ಬಾಯಿಂದಲೇ ಕೇಳಿದ್ದವನು ಅಲ್ಲಿ ಲೀವೈ ಒಬ್ಬನೇ.

ಎರ್ವಿನ್‌ನ ಆ ಕನಸಿನ ಮೂಲ ಗೊತ್ತಿದ್ದರೆ ಅವನನ್ನು ಸ್ವಾರ್ಥಿ ಎಂದು ತಳ್ಳಿಹಾಕುವುದು ಕಷ್ಟ. ಅವನ ತಂದೆ ಶಾಲಾ ಮೇಷ್ಟರು. ಗೋಡೆಯಾಚೆ ಮನುಷ್ಯರಿಲ್ಲ ಎಂಬುದು ನಮಗೆ ಹೇಗೆ ಗೊತ್ತಾಯಿತು ಎಂದು ಹುಡುಗ ತರಗತಿಯಲ್ಲಿ ಕೇಳುತ್ತಾನೆ. ತಂದೆ ಅಲ್ಲಿ ಹಾರಿಕೆಯ ಉತ್ತರ ಕೊಟ್ಟು, ಮನೆಗೆ ಬಂದ ಮೇಲೆ, ಅರಸನು ಜನರ ನೆನಪುಗಳನ್ನೇ ಅಳಿಸಿರಬಹುದೆಂಬ ತನ್ನ ಊಹೆಯನ್ನು ಬಿಡಿಸಿ ಹೇಳುತ್ತಾನೆ. ಹುಡುಗ ಅದನ್ನು ಓರಗೆಯವರ ಮುಂದೆ ಆಡಿಬಿಡುತ್ತಾನೆ, ಆ ಮಾತು ಮಿಲಿಟರಿ ಪೊಲೀಸರ ಕಿವಿಗೆ ಬೀಳುತ್ತದೆ, ತಂದೆ ಸಾಯುತ್ತಾನೆ. ಅಲ್ಲಿಂದಾಚೆಗೆ ಎರ್ವಿನ್‌ನ ಪಾಲಿಗೆ ತಂದೆಯ ಊಹೆ ನಿಜವಾಗಲೇಬೇಕು. ನಿಜವಾಗದಿದ್ದರೆ ಆ ಸಾವಿಗೆ ಅರ್ಥವೇ ಇರುವುದಿಲ್ಲ. ಅವನು ಕಮಾಂಡರ್ ಆದದ್ದು, ಸಾವಿರ ಬಗೆಯ ಜೂಜಾಡಿದ್ದು, ನೂರಾರು ಜನರನ್ನು ಸಾವಿಗೆ ಕಳುಹಿಸಿದ್ದು ಎಲ್ಲವೂ ಜಗತ್ತಿನ ಸತ್ಯ ಅಡಗಿದೆಯೆಂದು ನಂಬಿದ್ದ ಎರೆನ್‌ನ ಮನೆಯ ನೆಲಮಾಳಿಗೆಯ ಬಾಗಿಲವರೆಗೆ ತಲುಪುವುದಕ್ಕಾಗಿ. ಇಷ್ಟು ದೊಡ್ಡ ಸೇನಾನಾಯಕನ ಒಳಗೆ ಉತ್ತರ ಸಿಗದೆ ಕುಳಿತ ಒಬ್ಬ ಹುಡುಗನನ್ನು ಇಟ್ಟದ್ದು ಇಸಯಾಮ ಅವರ ಪಾತ್ರರಚನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಅಂಶ. ಖಳರ ಹಿನ್ನೆಲೆ ಬರೆಯುವಾಗಲೂ ಅವರು ಇಷ್ಟು ನಿಷ್ಠುರರಾಗಿಲ್ಲ.

ನಿರ್ಣಾಯಕವಾದದ್ದು ಮೂರನೆಯ ಮಾತುಕತೆ, ಯುದ್ಧದ ನಡುವೆ ನಡೆದದ್ದು. ಬೀಸ್ಟ್ ಟೈಟನ್ನಿನ ಕಲ್ಲೇಟಿನಿಂದ ಮರೆಯಾಗಿ, ಒಂದು ಪೆಟ್ಟಿಗೆಯ ಮೇಲೆ ಕುಳಿತ ಎರ್ವಿನ್ ತನ್ನ ಬಳಿ ಒಂದು ಉಪಾಯವಿದೆ ಎನ್ನುತ್ತಾನೆ. ಆದರೆ ಅದರಲ್ಲಿ ಎಲ್ಲರೂ, ತಾನೂ ಸೇರಿದಂತೆ, ಸಾಯಬೇಕು. ನೆಲಮಾಳಿಗೆ ಕಣ್ಣೆದುರೇ ಇದೆ, ಹೋಗಬೇಕೆನಿಸುತ್ತಿದೆ, ಆದರೆ ಸತ್ತ ಸಂಗಾತಿಗಳೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎಂದು ಒಪ್ಪಿಕೊಳ್ಳುತ್ತಾನೆ. ಆಗ ಲೀವೈ ಅವನ ಮುಂದೆ ಮಂಡಿಯೂರಿ, ನೀನು ಚೆನ್ನಾಗಿಯೇ ಹೋರಾಡಿದೆ, ಇನ್ನು ಆಯ್ಕೆ ನಾನು ಮಾಡುತ್ತೇನೆ ಎಂದು ಹೇಳಿ, ಕನಸನ್ನು ಬಿಟ್ಟು ಸಾಯಲು ಕೇಳಿಕೊಳ್ಳುತ್ತಾನೆ. ಬೀಸ್ಟ್ ಟೈಟನ್ನನ್ನು ತಾನು ಮುಗಿಸುವೆನೆಂದು ಮಾತು ಕೊಡುತ್ತಾನೆ. ಎರ್ವಿನ್ ಮುಗುಳ್ನಗುತ್ತಾನೆ. ಸರಣಿಯಲ್ಲಿ ಅವನ ಮುಖದಲ್ಲಿ ಭಾರವಿಳಿದ ಕಳೆ ಕಾಣುವ ಅಪರೂಪದ ಸಂದರ್ಭವಿದು. ತನ್ನಿಂದ ಆಗದ ಆಯ್ಕೆಯನ್ನು ಇನ್ನೊಬ್ಬನು ಮಾಡಿಕೊಟ್ಟದ್ದಕ್ಕೆ ಅವನು ಧನ್ಯವಾದವನ್ನೂ ಹೇಳುತ್ತಾನೆ.

ಎರ್ವಿನ್ ಸಾಯಬೇಕೆಂಬ ನಿರ್ಧಾರ ಆಗಲೇ ಆಗಿಹೋಗಿತ್ತು. ಅದನ್ನು ಮಾಡಿದವನು ಲೀವೈ, ಒಪ್ಪಿಕೊಂಡವನು ಎರ್ವಿನ್. ಚಾವಣಿಯ ಮೇಲೆ ಉಳಿದಿದ್ದ ಪ್ರಶ್ನೆ, ಆ ನಿರ್ಧಾರವನ್ನು ಹಿಂದಕ್ಕೆ ಪಡೆಯಬೇಕೇ ಬೇಡವೇ ಎಂಬುದಷ್ಟೇ.

ಹಾಗೆಂದು ಅಲ್ಲಿ ಅವನು ಬಂಡೆಯಂತೆ ನಿಂತಿದ್ದನೆಂದಲ್ಲ. ಎರ್ವಿನ್ ಸತ್ತಿದ್ದಾನೆಂದು ತಿಳಿದಿದ್ದಾಗ ಸಿರಿಂಜನ್ನು ಅರ್ಮಿನ್‌ಗೆ ಬಳಸಲು ಮುಂದಾಗುತ್ತಾನೆ. ಫ್ಲಾಕ್ ಎಂಬ ಹೊಸ ಸೈನಿಕ ಎರ್ವಿನ್‌ನನ್ನು ಬೆನ್ನ ಮೇಲೆ ಹೊತ್ತು ತಂದು, ಇನ್ನೂ ಜೀವವಿದೆ ಎಂದಾಗ ಕೈ ಹಿಂದೆಗೆದು ಎರ್ವಿನ್‌ನ ಕಡೆ ತಿರುಗುತ್ತಾನೆ. ಎಲ್ಲರೂ ದೂರ ಸರಿದ ಮೇಲೆ ಮತ್ತೆ ಮನಸ್ಸು ಬದಲಿಸುತ್ತಾನೆ. ನಡುವೆ ಎರೆನ್ ಸಿರಿಂಜಿಗಾಗಿ ಕೈ ಹಾಕಿ ಹಲ್ಲುದುರುವಂತೆ ಏಟು ತಿನ್ನುತ್ತಾನೆ, ಎರೆನ್‌ಗೂ ಅರ್ಮಿನ್‌ಗೂ ಬಾಲ್ಯದ ಗೆಳತಿಯಾದ ಮಿಕಾಸಾ ಲೀವೈನನ್ನು ನೆಲಕ್ಕೊತ್ತಿ ಕತ್ತಿ ಹಿಡಿಯುತ್ತಾಳೆ. ತ್ರಾಸ್ಟ್ ಪಟ್ಟಣದಲ್ಲಿ ಗೋಡೆಯ ತೂತು ಮುಚ್ಚಿಸಿದ್ದು, ಸೇನೆಯೊಳಗಿದ್ದ ಶತ್ರು ಆನಿಯ ಗುಟ್ಟು ಹಿಡಿದದ್ದು ಅರ್ಮಿನ್‌ನ ಬುದ್ಧಿಯೇ ಎಂದು ಎರೆನ್ ವಾದಿಸುತ್ತಾನೆ. ವಾದ ಸರಿಯೇ. ಆದರೆ ಆ ಗಳಿಗೆಯಲ್ಲಿ ಎರೆನ್ ಗೆಳೆಯನನ್ನು ಉಳಿಸಲು ಸಿಕ್ಕಿದ ಕಾರಣಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದಾನೆ ಎಂಬುದು ನೋಡುವ ಯಾರಿಗಾದರೂ ತಿಳಿಯುತ್ತದೆ. ಅದರಲ್ಲಿ ಚರ್ಚಿಸುವಂಥದ್ದು ಹೆಚ್ಚೇನಿಲ್ಲ.

ಚರ್ಚೆಗೆ ಯೋಗ್ಯನಾದವನು ಫ್ಲಾಕ್. ಅವನನ್ನು ನಾಲ್ಕನೆಯ ಸೀಸನ್ನಿನ ಮತಾಂಧನಾಗಿ ನೆನಪಿಟ್ಟುಕೊಂಡವರು ಈ ದೃಶ್ಯದಲ್ಲಿ ಅವನಿಗೆ ನ್ಯಾಯ ಸಲ್ಲಿಸುವುದಿಲ್ಲ. ಕಲ್ಲಿನ ಮಳೆಗೆ ನುಗ್ಗಿದ ಹೊಸಬರಲ್ಲಿ ಉಳಿದವನು ಅವನೊಬ್ಬನೇ. ಶವಗಳ ನಡುವೆ ಎರ್ವಿನ್ ಉಸಿರಾಡುವುದನ್ನು ಕಂಡಾಗ ಅವನಿಗೆ ಮೊದಲು ಬಂದದ್ದು ಕೊಂದುಬಿಡುವ ಯೋಚನೆ. ಬಳಿಕ, ಅದು ತೀರಾ ಹಗುರವಾದ ಶಿಕ್ಷೆ, ಈ ಮನುಷ್ಯ ಇನ್ನಷ್ಟು ಕಾಲ ಈ ನರಕದಲ್ಲೇ ಇರಬೇಕು ಎಂದೆನಿಸಿ ಹೊತ್ತು ತರುತ್ತಾನೆ. ಟೈಟನ್‌ಗಳನ್ನು ಸೋಲಿಸಲು ಒಬ್ಬ ದೆವ್ವವೇ ಬೇಕು, ಆ ದೆವ್ವವನ್ನು ಮರಳಿಸುವುದಕ್ಕಾಗಿಯೇ ತಾನು ಬದುಕಿ ಉಳಿದಿರಬೇಕು ಎಂಬುದು ಅವನ ನಂಬಿಕೆ. ಮನುಕುಲದ ಹೆಸರಿನಲ್ಲಿ ಮಾತನಾಡುತ್ತಿರುವಂತೆ ಕಂಡರೂ ಅವನ ಮಾತಿನೊಳಗೆ ಅರ್ಧ ಸೇಡಿದೆ, ಅರ್ಧ ತನ್ನ ಉಳಿವಿಗೊಂದು ಅರ್ಥ ಹುಡುಕುವ ತಹತಹವಿದೆ. ಹೀಗೆ ನೋಡಿದರೆ ಆ ಚಾವಣಿಯ ಮೇಲೆ ಶುದ್ಧ ಲೋಕಹಿತದ ವಾದ ಮಾಡಿದವರು ದಳದ ಹಿರಿಯ ಅಧಿಕಾರಿ ಹಾಂಜಿ ಒಬ್ಬರೇ, ಅದೂ ತಮ್ಮ ಸಹಾಯಕ ಮೊಬ್ಲಿಟ್ ತಮ್ಮನ್ನು ಉಳಿಸಲು ಹೋಗಿ ಅದೇ ದಿನ ಸತ್ತ ನೋವನ್ನು ಅದುಮಿಟ್ಟುಕೊಂಡು, ಮಿಕಾಸಾಳನ್ನು ತೋಳುಗಳಲ್ಲಿ ಬಿಗಿದು ಹಿಡಿದು.

ಕುತೂಹಲದ ಸಂಗತಿಯೆಂದರೆ ಲೀವೈಗೂ ಫ್ಲಾಕ್‌ಗೂ ಎರ್ವಿನ್ ಯಾರು ಎಂಬುದರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಅವನು ದೆವ್ವವಾಗಿದ್ದನೆಂದು ಇಬ್ಬರೂ ಒಪ್ಪುತ್ತಾರೆ. ಆದರೆ ಅವನನ್ನು ದೆವ್ವವಾಗಿಸಿದವರು ನಾವೇ, ನಮಗೆ ಹಾಗಿರುವವನು ಬೇಕಾಗಿದ್ದ, ಕೊನೆಗೂ ನರಕದಿಂದ ಬಿಡುಗಡೆಯಾದವನನ್ನು ನಾವೇ ಮತ್ತೆ ಎಳೆದು ತರಲು ಹೊರಟೆವು ಎಂಬ ಅರ್ಥದ ಮಾತನ್ನು ಲೀವೈ ಫ್ಲಾಕ್‌ಗೆ ಹೇಳುತ್ತಾನೆ. ಒಂದೇ ಸತ್ಯದಿಂದ ಹೊರಟು ಒಬ್ಬನು ಶಿಕ್ಷೆಗೂ ಇನ್ನೊಬ್ಬನು ಕ್ಷಮೆಗೂ ತಲುಪುವುದನ್ನು ಇಷ್ಟು ಚಿಕ್ಕ ದೃಶ್ಯದಲ್ಲಿ ತೋರಿಸಿದ ಬರವಣಿಗೆ ಅನಿಮೆಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಮನಸ್ಸು ಬದಲಾದ ಆ ಕ್ಷಣಕ್ಕೆ ಬರೋಣ. ಲೀವೈ ಸೂಜಿಯನ್ನು ಎರ್ವಿನ್‌ನ ತೋಳಿನ ಹತ್ತಿರ ತರುತ್ತಾನೆ. ಪ್ರಜ್ಞೆಯಿಲ್ಲದ ಎರ್ವಿನ್ ಕೈಯನ್ನು ಕೊಡವಿ ಮೇಲೆತ್ತುತ್ತಾನೆ, ಗೋಡೆಯಾಚೆ ಮನುಷ್ಯರಿಲ್ಲವೆಂದು ಹೇಗೆ ತಿಳಿಯಿತು ಎಂದು ಮೇಷ್ಟರನ್ನು ಕೇಳುತ್ತಾನೆ. ಇದನ್ನು ಕೆಲವರು ಎರ್ವಿನ್ ಚುಚ್ಚುಮದ್ದನ್ನು ನಿರಾಕರಿಸಿದ್ದೆಂದು ವ್ಯಾಖ್ಯಾನಿಸುತ್ತಾರೆ. ಹಾಗೆ ಓದಿದರೆ ಲೀವೈನ ಹೊಣೆ ಹಗುರವಾಗುತ್ತದೆ, ದೃಶ್ಯವೂ ಹಗುರವಾಗುತ್ತದೆ. ಆ ಕೈ ಪ್ರಶ್ನೆ ಕೇಳಲು ತರಗತಿಯಲ್ಲಿ ಹುಡುಗನೊಬ್ಬ ಎತ್ತಿದ ಕೈ. ಅಷ್ಟೆಲ್ಲ ಆದ ಮೇಲೂ, ಸಾವಿನ ಹೊಸ್ತಿಲಲ್ಲೂ ಎರ್ವಿನ್ ಇರುವುದು ಆ ತರಗತಿಯಲ್ಲೇ ಎಂಬುದನ್ನು ಲೀವೈ ಕಾಣುತ್ತಾನೆ. ಬದುಕಿಸಿದರೆ ಎಚ್ಚರಗೊಳ್ಳುವವನು ಕನಸನ್ನು ಬಿಟ್ಟುಕೊಟ್ಟ ಎರ್ವಿನ್ ಅಲ್ಲ, ಮತ್ತೆ ಆ ಪ್ರಶ್ನೆಯ ಹಿಂದೆ ಹೊರಡಬೇಕಾದವನು. ಎಲ್ಲರೂ ಯಾವುದೋ ಒಂದರ ಅಮಲಿನಲ್ಲಿದ್ದವರೇ, ಯಾವುದೋ ಒಂದರ ಗುಲಾಮರೇ ಎಂಬ ಕೆನ್ನಿಯ ಮಾತು ಲೀವೈಗೆ ಅದೇ ಹೊತ್ತಿನಲ್ಲಿ ನೆನಪಾಗುವುದು ಇದಕ್ಕಾಗಿಯೇ. ಆ ಸಿರಿಂಜನ್ನು ತನಗೇ ಚುಚ್ಚಿಕೊಳ್ಳಬಹುದಾಗಿದ್ದ ಕೆನ್ನಿ ಹಾಗೆ ಮಾಡದೆ ಸತ್ತದ್ದನ್ನು ಕಣ್ಣಾರೆ ಕಂಡವನೂ ಲೀವೈಯೇ.

ಇದಕ್ಕೊಂದು ಬಲವಾದ ಆಕ್ಷೇಪವಿದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ನೆಲಮಾಳಿಗೆ ಅಲ್ಲಿಂದ ಕೂಗಳತೆಯಲ್ಲಿತ್ತು. ಎರ್ವಿನ್‌ಗೆ ಬದುಕಿನಲ್ಲಿ ಬೇಕಾಗಿದ್ದ ಒಂದೇ ಒಂದು ವಸ್ತು, ಅವನ ತಂದೆಯ ಊಹೆ ನಿಜವೆಂದು ಹೇಳುವ ಎರೆನ್‌ನ ತಂದೆ ಗ್ರಿಶಾನ ಪುಸ್ತಕಗಳು, ಅಲ್ಲಿದ್ದವು. ಅವನನ್ನು ಅಲ್ಲಿಯವರೆಗೆ ಕರೆದೊಯ್ಯದೆ ಸಾಯಗೊಡುವುದನ್ನು ದಯೆ ಎಂದು ಕರೆಯುವುದು ಹೇಗೆ? ಗೆಳೆಯನಿಗೆ ವಿಶ್ರಾಂತಿ ಕೊಡುತ್ತೇನೆಂಬ ನೆಪದಲ್ಲಿ ಲೀವೈ ಅವನ ಬದುಕಿನ ಏಕೈಕ ಫಲವನ್ನು ಕಸಿದುಕೊಂಡನಲ್ಲವೇ? ಈ ಆಕ್ಷೇಪವನ್ನು ಪೂರ್ತಿ ಅಳಿಸಿಹಾಕಲು ನನ್ನಿಂದಾಗದು. ಆದರೂ ಎರ್ವಿನ್ ತನ್ನ ಕನಸನ್ನು ಬಿಟ್ಟದ್ದು ಒಂದು ಬೆಲೆ ತೆತ್ತು ಎಂಬುದನ್ನು ಮರೆಯಲಾಗದು. ಹೊಸ ಸೈನಿಕ ಮಾರ್ಲೋನಂಥ ಹುಡುಗರನ್ನು, ಸತ್ತವರಿಗೆ ಅರ್ಥ ಕೊಡುವವರು ಬದುಕಿರುವ ನಾವು ಎಂದು ಹೇಳಿ ಸಾವಿಗೆ ನುಗ್ಗಿಸಿದವನು, ಅವರ ಮುಂದೆ ತಾನೇ ಕುದುರೆ ಓಡಿಸಿದ. ಆ ಮಾತಿಗೆ ಬೆಲೆ ಬಂದದ್ದು ಅವನೂ ಅಲ್ಲೇ ಬಿದ್ದದ್ದರಿಂದ. ಹುಡುಗರೆಲ್ಲ ಮಣ್ಣಾಗಿ, ನಾಯಕನೊಬ್ಬನೇ ಎದ್ದು ತನ್ನ ಪ್ರಶ್ನೆಗೆ ಉತ್ತರ ಓದುತ್ತ ಕುಳಿತಿದ್ದರೆ, ತನ್ನನ್ನು ಎವೆಯಿಕ್ಕದೆ ನೋಡುತ್ತಿರುವ ಸತ್ತವರ ಸಂಖ್ಯೆ ಅವನಿಗೆ ಇನ್ನಷ್ಟು ಹೆಚ್ಚುತ್ತಿತ್ತೇ ಹೊರತು ನೆಮ್ಮದಿ ಸಿಗುತ್ತಿರಲಿಲ್ಲ. ಲೀವೈ ಇಷ್ಟೆಲ್ಲ ಲೆಕ್ಕ ಹಾಕಿದನೆಂದು ನಾನು ಹೇಳುವುದಿಲ್ಲ. ಅವನು ಎರ್ವಿನ್‌ನ ಮುಗುಳ್ನಗೆಯನ್ನು ಕಂಡಿದ್ದ, ಅದನ್ನು ಹಾಳುಗೆಡವಲು ಅವನಿಗೆ ಮನಸ್ಸಾಗಲಿಲ್ಲ.

ಫಲಿತಾಂಶ ಹಿಡಿದು ತೀರ್ಪು ಕೊಡುವವರ ವಾದಕ್ಕೆ ಹೆಚ್ಚು ಜಾಗ ಬೇಕಿಲ್ಲ. ಎರ್ವಿನ್ ಬದುಕಿದ್ದರೆ ಎರೆನ್‌ನನ್ನು ತಡೆಯುತ್ತಿದ್ದ ಎನ್ನುವವರಿದ್ದಾರೆ. ಟೈಟನ್ ಶಕ್ತಿ ಪಡೆದವರಿಗೆ 13 ವರ್ಷವಷ್ಟೇ ಆಯುಸ್ಸು, ಆದ್ದರಿಂದ ಚಿಕ್ಕವನಾದ ಅರ್ಮಿನ್‌ಗೆ ಅದನ್ನು ಹೊರಿಸಿದ್ದು ಕ್ರೌರ್ಯ ಎನ್ನುವವರೂ ಇದ್ದಾರೆ. ಆ 13 ವರ್ಷದ ಸಂಗತಿ ಚಾವಣಿಯ ಮೇಲಿದ್ದವರಿಗೆ ಗೊತ್ತೇ ಇರಲಿಲ್ಲ, ಅದು ತಿಳಿದದ್ದು ನೆಲಮಾಳಿಗೆಯ ಪುಸ್ತಕಗಳಿಂದ. ಗೊತ್ತಿಲ್ಲದ್ದನ್ನು ಲೆಕ್ಕಕ್ಕೆ ಹಿಡಿದು ಪಾತ್ರವನ್ನು ಶಿಕ್ಷಿಸುವುದು ನೋಡುಗರ ಅನ್ಯಾಯ. ಫಲಿತಾಂಶವೇ ಬೇಕೆಂದರೆ ಎದುರು ಪಕ್ಷಕ್ಕೂ ಸರಕಿದೆ: ಕೊನೆಯ ಯುದ್ಧದಲ್ಲಿ, ಬೀಸ್ಟ್ ಟೈಟನ್ ಆಗಿದ್ದ ಝೀಕ್‌ನೊಂದಿಗೆ ಮಾತನಾಡಿ, ಬದುಕಿನ ಪುಟ್ಟ ಸುಖಗಳನ್ನು ನೆನಪಿಸಿ, ಅವನು ತಾನಾಗಿ ಹೊರಬರುವಂತೆ ಮಾಡಿದವನು ಅರ್ಮಿನ್, ಹಾಗೆ ಹೊರಬಂದ ಝೀಕ್‌ನ ತಲೆ ಹಾರಿಸಿ ಎರ್ವಿನ್‌ಗೆ ಕೊಟ್ಟ ಮಾತನ್ನು ಉಳಿಸಿಕೊಂಡವನು ಲೀವೈ. ಯುದ್ಧದಿಂದ ಯುದ್ಧಕ್ಕೆ ಹಾರುತ್ತಿದ್ದ ಎರ್ವಿನ್‌ನಿಂದ ಆ ಮಾತುಕತೆ ಸಾಧ್ಯವಾಗುತ್ತಿತ್ತೆಂದು ನನಗನಿಸುವುದಿಲ್ಲ. ಆದರೆ ಇದನ್ನು ಲೀವೈನ ನಿರ್ಧಾರಕ್ಕೆ ಸಮರ್ಥನೆಯಾಗಿ ಬಳಸಿದರೆ ನಾನೂ ಅದೇ ಅನ್ಯಾಯ ಮಾಡಿದಂತಾಗುತ್ತದೆ.

ಅರ್ಮಿನ್‌ನ ಪಾಡು ಮಾತ್ರ ಕರುಣೆ ಹುಟ್ಟಿಸುತ್ತದೆ. ತನ್ನನ್ನು ಆರಿಸಿದ್ದಕ್ಕೆ ಕಾರಣ ಕೇಳುತ್ತ ಅವನು ಎಚ್ಚರಗೊಳ್ಳುತ್ತಾನೆ, ಎರ್ವಿನ್ ಬದುಕಬೇಕಿತ್ತೆಂದು ಫ್ಲಾಕ್ ಮುಖಕ್ಕೆ ಹೊಡೆದಂತೆ ಹೇಳಿದಾಗ ತಲೆಯಾಡಿಸುತ್ತಾನೆ, ವರ್ಷಗಟ್ಟಲೆ ಆ ಸ್ಥಾನಕ್ಕೆ ತಾನು ತಕ್ಕವನಲ್ಲವೆಂದು ನಂಬಿ ನಡೆಯುತ್ತಾನೆ. ಎರ್ವಿನ್‌ನ ಬದಲು ನೀನಾಗಲಾರೆ, ಆದರೆ ನಿನ್ನಲ್ಲಿ ಬೇರೆಯವರಲ್ಲಿಲ್ಲದ ಶಕ್ತಿಯಿದೆ ಎಂದು ಲೀವೈ ಅವನಿಗೆ ಹೇಳುತ್ತಾನೆ. ಎರ್ವಿನ್‌ಗೆ ಪರ್ಯಾಯವಾಗಿ ತನ್ನನ್ನು ಆರಿಸಲಾಯಿತು ಎಂದೇ ತಿಳಿದವನಿಗೆ ಆ ಮಾತು ಎಷ್ಟು ತಲುಪಿತೋ. ತಾನು ತಕ್ಕಡಿಯಲ್ಲಿ ಇರಲೇ ಇಲ್ಲ ಎಂದು ಯಾರಾದರೂ ಬಿಡಿಸಿ ಹೇಳಿದ್ದರೆ ಅವನ ಎದೆಯ ಭಾರ ಇಳಿಯುತ್ತಿತ್ತೋ, ಇನ್ನೂ ಹೆಚ್ಚುತ್ತಿತ್ತೋ, ಎರಡೂ ಸಾಧ್ಯ.

ಲೀವೈನ ಪರವಾಗಿ ಇಷ್ಟು ವಾದಿಸಿದ ಮೇಲೂ ಒಂದು ಕಡೆ ಅವನನ್ನು ಬಿಟ್ಟುಕೊಡಬೇಕಾಗುತ್ತದೆ. ಎರ್ವಿನ್‌ನನ್ನು ನರಕದಿಂದ ಬಿಡಿಸಿದರೂ ಆ ನರಕ ಅಲ್ಲೇ ಉಳಿಯಿತು. ಅದಕ್ಕೊಬ್ಬರು ಬೇಕಾಗಿತ್ತು, ಸಿಕ್ಕವರು ಹಾಂಜಿ. ಸರ್ವೇ ಕಾರ್ಪ್ಸಿನಲ್ಲಿ ತಾವೂ ಸೇರಿ ಬದುಕುಳಿದ 9 ಮಂದಿಯ ದಳಕ್ಕೆ 14ನೆಯ ಕಮಾಂಡರ್ ಆದವರು ಅವರು. ನಾನಾಗಿದ್ದರೆ ಎರ್ವಿನ್‌ಗೇ ಚುಚ್ಚುತ್ತಿದ್ದೆ, ಆದರೆ ಎರ್ವಿನ್ ಸಿರಿಂಜು ಕೊಟ್ಟದ್ದು ಲೀವೈಗೆ ಎಂದು ಅರ್ಮಿನ್‌ನ ಮುಂದೆ ನೇರವಾಗಿ ಹೇಳಿ, ಆ ವಿಷಯವನ್ನು ಅಲ್ಲಿಗೇ ಮುಗಿಸಿದರು. ಟೈಟನ್‌ಗಳನ್ನು ಕಂಡರೆ ಕುಣಿದಾಡುತ್ತಿದ್ದ, ಪ್ರಯೋಗಗಳಲ್ಲಿ ಮೈಮರೆಯುತ್ತಿದ್ದ ಆ ಮನುಷ್ಯ ಮುಂದೆ ರಾಜಕೀಯದ ಸುಳಿಯಲ್ಲಿ ಸಿಲುಕಿ, ತಮ್ಮನ್ನು ಕಮಾಂಡರ್ ಮಾಡಿದ್ದೇ ಎರ್ವಿನ್‌ನ ತಪ್ಪು ಎಂದು ಗೊಣಗುವ ಸ್ಥಿತಿಗೆ ಬರುತ್ತಾರೆ. ಗಾಯಗೊಂಡ ಲೀವೈನ ಪಕ್ಕದಲ್ಲಿ ಕುಳಿತು, ಎಲ್ಲ ಬಿಟ್ಟು ಕಾಡಿನಲ್ಲೇ ಇದ್ದುಬಿಡೋಣವೇ ಎಂದು ಕೇಳುವುದೂ ಅವರೇ. ಕೊನೆಗೆ ವಿಮಾನ ಹಾರುವಷ್ಟು ಸಮಯ ಗಳಿಸಿಕೊಡಲು ಒಬ್ಬರೇ ಟೈಟನ್‌ಗಳ ಎದುರು ಹೋಗಿ ಸುಟ್ಟು ಸಾಯುವಾಗ, ಕಮಾಂಡರ್ ಪದವಿಯನ್ನು ಅರ್ಮಿನ್‌ಗೆ ಒಪ್ಪಿಸಿ ಹೋಗುತ್ತಾರೆ. ಅಂದು ಚಾವಣಿಯ ಮೇಲೆ ಇಬ್ಬರ ಜೀವದ ಬಗ್ಗೆ ಮಾತ್ರ ಜಗಳವಾಯಿತು; ಎರ್ವಿನ್‌ಗೆ ಸಿಕ್ಕ ಬಿಡುಗಡೆಯ ಬೆಲೆಯನ್ನು ತೆರಬೇಕಾಗಿದ್ದ ಮೂರನೆಯವರು ಪಕ್ಕದಲ್ಲೇ ಮಿಕಾಸಾಳನ್ನು ಹಿಡಿದು ನಿಂತಿದ್ದರು. ಲೀವೈ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ನನಗೆಲ್ಲೂ ಕಾಣಲಿಲ್ಲ, ನಮ್ಮ ಚರ್ಚೆಗಳಲ್ಲೂ ಯಾರೂ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ.